ಅತ್ತೆಯ ಬಾಯಿ

ನಮ್ಮೂರಿನ ದಾಖಲೆಯಲ್ಲಿ ನಾನು ನಮ್ಮ ಅತ್ತೆ ಚೆಲುವಾಜಮ್ಮನವರ ಬಾಯಿ. ಮದುವೆಯ ಮಾರನೆಯ ದಿನ ಪುರಸಭೆಯ ದಪ್ಪ ಪುಸ್ತಕದಲ್ಲಿ ಹಾಗೆಂದು ಬರೆಸಿ, ಇಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು, ಒಂದೊಂದು ಬೆಲ್ಲದ ಚೂರು ಕೈಗಿಟ್ಟು ಕಳಿಸಿದರು. ನಮ್ಮಲ್ಲಿ ಯಾರ ನೋವಿನ ಮಾತೂ ಅವರಿಗೆಂದು ನೇಮಕವಾದ ಒಬ್ಬರ ಹೊರತು ಬೇರೆಯವರ ಕಿವಿಗೆ ಬೀಳುವುದಿಲ್ಲ. ಕಾಲು ನೋಯುತ್ತಿದೆಯೆಂದು ಸಂತೆಯ ನಡುವೆ ನಿಂತು ಕೂಗಿದರೂ ಜನಕ್ಕೆ ಕಾಣುವುದು ಆಡುವ ತುಟಿ ಮಾತ್ರ. ಬರೆದು ತೋರಿಸಿದರೆ ಎದುರಿನವರಿಗೆ ಅದು ಬರಿಯ ಕಾಗದ. ಕೈಸನ್ನೆ ಮಾಡಿದರೆ ನೊಣ ಓಡಿಸಿದಂತೆ ಕಾಣುತ್ತದೆ. ಆ ಮಾತನ್ನು ಕೇಳಿಸಿಕೊಂಡು ವೈದ್ಯರಿಗೆ ಮುಟ್ಟಿಸುವವರನ್ನೇ ನಾವು ಬಾಯಿ ಎನ್ನುವುದು. ಹೆಣ್ಣು ನೋಡಲು ಬಂದವರು ನಮ್ಮೂರಿನಲ್ಲಿ ಹಾಡಲು ಬರುತ್ತದೆಯೇ ಎಂದು ಕೇಳುವುದಿಲ್ಲ. ಕಿವಿ ಚುರುಕಾಗಿದೆಯೇ, ಮರೆವು ಉಂಟೇ ಎಂದು ವಿಚಾರಿಸುತ್ತಾರೆ. ತನ್ನ ಬಾಯಿ ಊರಲ್ಲಿಲ್ಲದ ದಿನ ಯಾವ ಗಂಡಸೂ ಏಣಿ ಹತ್ತುವುದಿಲ್ಲ.

ನಾನು ಆ ಮನೆಗೆ ಬರುವ ವೇಳೆಗೆ ಮಾವ ತೀರಿಕೊಂಡಿದ್ದರು. ಅತ್ತೆಗೆ ಇದ್ದವನು ಒಬ್ಬನೇ ಮಗ, ನನ್ನ ಗಂಡ ಶ್ರೀಪತಿ. ಗಂಡಸರು ತಾಯಿಯ ಬಾಯಿಯಾಗುವ ಪದ್ಧತಿ ನಮ್ಮಲ್ಲಿಲ್ಲ. ಹೀಗಾಗಿ ಆ ಹೊಣೆ ನನಗೆ ಬಂತು. ನೋವಿನ ಮಾತಿಗೆ ನಾನು ಬೇಕಿತ್ತೇ ಹೊರತು ಉಳಿದ ಮಾತುಗಳಿಗೆ ಅತ್ತೆಗೆ ಯಾರ ನೆರವೂ ಬೇಕಿರಲಿಲ್ಲ. ನನ್ನ ಸಾರು, ನನ್ನ ನಡಿಗೆ, ನನ್ನ ತವರು, ಎಲ್ಲವನ್ನೂ ಅವರು ಬೀದಿಯ ಕೊನೆಯ ಮನೆಗೂ ಕೇಳುವಂತೆ ತೂಗಿ ನೋಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ: ಅವರ ಮಾತಿನಲ್ಲಿ ರೋಗವನ್ನು ಹೆಕ್ಕಿಕೊಂಡು, ಕೊಂಕನ್ನು ಹೊಸಲಿನಾಚೆ ಬಿಡುವುದು. ಆ ವಿದ್ಯೆಯಲ್ಲಿ ನಾನು ಪಳಗಿದ್ದೇನೆಂದೇ ನಂಬಿದ್ದೆ.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅತ್ತೆಗೆ ತಲೆನೋವು ಶುರುವಾಯಿತು. ಅಲ್ಲಿಯವರೆಗೆ ತಲೆಗೆ ಒಂದು ಮಾತ್ರೆಯನ್ನೂ ನುಂಗಿದವರಲ್ಲ. ಎಡ ಕಣತಲೆ, ಅಂದರೆ ಹುಬ್ಬು ಮುಗಿದು ಕಿವಿ ತೊಡಗುವ ನಡುವಿನ ಜಾಗ, ಸಿಡಿಯುತ್ತದೆ ಎಂದರು. ಮೊದಲ ವಾರ ಶುಂಠಿ ಅರೆದು ಪಟ್ಟು ಹಾಕಿದೆ. ಎರಡನೆಯ ವಾರ ಅಂಗಡಿಯ ಮಾತ್ರೆ ಕೊಟ್ಟೆ. ಮೂರನೆಯ ವಾರ ಅವರು ನಡು ಹಗಲಲ್ಲಿ ಗೋಡೆಗೆ ಹಣೆ ಆನಿಸಿ ಕುಳಿತದ್ದನ್ನು ಕಂಡು ಬಾಗಿಲುಬೀದಿಗೆ ಕರೆದುಕೊಂಡು ಹೊರಟೆ.

ಬಾಗಿಲುಬೀದಿಯೆಂದರೆ ನಮ್ಮೂರಿನ ವೈದ್ಯರೆಲ್ಲ ಕೂರುವ ಬೀದಿ. ಕಣ್ಣಿಗೊಂದು ಬಾಗಿಲು, ಎದೆಗೊಂದು, ನರಕ್ಕೊಂದು, ಹೀಗೆ ಇಪ್ಪತ್ತೆರಡು ಬಾಗಿಲು. ಬೀದಿಯ ತಲೆಯಲ್ಲಿ ಚೀಟಿ ಕೊಡುವ ಕಟ್ಟೆ. ಅಲ್ಲಿ ಮುಂಗೈಗೆ ಬಿದ್ದ ಮೊಹರು ತೋರಿಸಿದರೆ ಆ ಮೊಹರಿನ ಬಾಗಿಲು ತೆರೆಯುತ್ತದೆ, ಉಳಿದವು ತೆರೆಯುವುದಿಲ್ಲ. ಒಬ್ಬರಿಗೆ ದಿನಕ್ಕೆ ಒಂದೇ ಮೊಹರು. ಬಾಗಿಲುಗಳ ಮೇಲಿನ ಹಲಗೆಗಳನ್ನೆಲ್ಲ ಬರೆದವನು ನನ್ನ ಗಂಡನೇ. ಅವನದು ಬೋರ್ಡು ಬರೆಯುವ ಕಸುಬು. ಹೀಗಾಗಿ ಸರಿಯಾದ ಬಾಗಿಲು ಹುಡುಕುವುದು ನಮ್ಮ ಮನೆಯವರಿಗೆ ಕಷ್ಟವಾಗಲಾರದೆಂದು ನೆರೆಹೊರೆಯವರು ಹೇಳಿದರು. ನಾನೂ ಹಾಗೆಯೇ ಎಣಿಸಿದ್ದೆ.

ಕಣ್ಣಿನ ಬಾಗಿಲಲ್ಲಿ ಪೊರೆ ಬರುತ್ತಿದೆ, ಆಪರೇಷನ್ನಿಗೆ ಅವಸರವಿಲ್ಲ ಎಂದು ಹೇಳಿ ಕನ್ನಡಕ ಬದಲಾಯಿಸಿದರು. ಮೂಗಿನ ಬಾಗಿಲಲ್ಲಿ ಕಫ ಕಟ್ಟಿದೆಯೆಂದು ಆವಿ ಹಿಡಿಯಲು ಹೇಳಿದರು. ಹಲ್ಲಿನ ಬಾಗಿಲಲ್ಲಿ ಅತ್ತೆಗೆ ಇನ್ನೂ ಇಪ್ಪತ್ತಾರು ಹಲ್ಲುಗಳಿರುವುದನ್ನು ನೋಡಿ ಬೆನ್ನು ತಟ್ಟಿ ಕಳಿಸಿದರು. ಒಂದೊಂದು ಬಾಗಿಲಿಗೂ ಒಂದು ವಾರ, ಒಂದೊಂದು ಔಷಧಿಗೂ ಇನ್ನೊಂದು ವಾರ. ಅಷ್ಟರಲ್ಲಿ ಅತ್ತೆ ತೆಳ್ಳಗಾದರು. ಸಂಜೆ ಸಣ್ಣಗೆ ಜ್ವರ ಬರತೊಡಗಿತು. ನಾನು ಎಲ್ಲ ಕಡೆಯೂ ಒಂದೇ ಪಾಠ ಒಪ್ಪಿಸಿದೆ: ಎಡಗಡೆ ತಲೆನೋವು, ಸಿಡಿತ, ಹಗಲೂ ಇರುಳೂ.

ಎಂಟನೆಯ ವಾರ ನರದ ಬಾಗಿಲಿಗೆ ಹೋದೆವು. ಅಲ್ಲಿನ ಡಾಕ್ಟರು ಸಾವಧಾನಿ. ತಲೆಯ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಗೆಡ್ಡೆಯಿಲ್ಲ, ರಕ್ತ ಸೋರಿಲ್ಲ, ದೇವರ ದಯೆ ಎಂದರು. ಆಮೇಲೆ ಲೇಖನಿ ಹಿಡಿದು ಒಂದೊಂದಾಗಿ ಕೇಳುತ್ತ ಬಂದರು. ನಮ್ಮೂರಿನ ವೈದ್ಯರಿಗೆ ರೋಗಿಯ ಮುಖ ನೋಡುವ ರೂಢಿಯಿಲ್ಲ. ಅವರು ನೋಡುವುದು ಬಾಯಿಯನ್ನು. "ಊಟ ಮಾಡುವಾಗ ಏನಾದರೂ ತೊಂದರೆ ಇದೆಯೇನಮ್ಮ?" ಎಂದರು ನನಗೆ.

ಅತ್ತೆ ಥಟ್ಟನೆ ನನ್ನತ್ತ ತಿರುಗಿದರು. "ಹೇಳು ಮತ್ತೆ, ಸುಮ್ಮನೆ ಯಾಕೆ ಕೂತಿದ್ದೀಯ? ನಿನ್ನ ರೊಟ್ಟಿ ಅಂದ್ರೆ ಚಕ್ಕಳ. ನಾಲ್ಕು ತುತ್ತು ಅಗಿಯೋದ್ರೊಳಗೆ ದವಡೆ ಸೋತು ಬೀಳುತ್ತೆ. ಚೂರು ಹೊತ್ತು ಬಿಟ್ಟರೆ ಸರಿಹೋಗುತ್ತೆ, ಮತ್ತೆ ಅಗಿದರೆ ಅದೇ ಕತೆ. ಡಾಕ್ಟರ ಮುಂದೆ ಹೇಳೋಕೆ ನಾಚಿಕೆಯಾ?"

ಮನೆಯಲ್ಲಿ ಎರಡು ತಿಂಗಳಿಂದ ದಿನವೂ ಕೇಳಿದ್ದ ಮಾತು ಅದು. ಇಲ್ಲಿ, ಓದಿದವರ ಮುಂದೆ, ನನ್ನ ರೊಟ್ಟಿಯ ಮಾನ ಹರಾಜಿಗೆ ಬಂತಲ್ಲ ಎನಿಸಿತು. ಡಾಕ್ಟರು ಏನಂತೆ ಎಂದು ಕೇಳಿದರು. ಏನೂ ಇಲ್ಲ, ಊಟಕ್ಕೇನೂ ತೊಂದರೆಯಿಲ್ಲ ಎಂದೆ. ಅವರು 'ಊಟ ಸರಿ' ಎಂದು ಬರೆದುಕೊಂಡರು. ಆ ಎರಡು ಪದಗಳನ್ನು ಅವರ ಲೇಖನಿ ಬರೆದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಿದ್ದೆಯ ಮಾತ್ರೆ ಕೊಟ್ಟು ಕಳಿಸಿದರು. ಬಾಗಿಲು ದಾಟುವಾಗ ಕರೆದು, ದೃಷ್ಟಿ ಮಂಕಾದರೆ ಮಾತ್ರ ಒಂದು ಗಳಿಗೆಯೂ ತಡಮಾಡಬೇಡಿ ಎಂದು ಎಚ್ಚರಿಸಿದರು. ಆಗ ಯಾವ ಬಾಗಿಲಿಗೆ ಬರಬೇಕೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂಬತ್ತನೆಯ ವಾರದ ಒಂದು ಬೆಳಿಗ್ಗೆ ನನ್ನ ತಾಳ್ಮೆ ಹರಿಯಿತು. ಅತ್ತೆ ಮತ್ತೆ ರೊಟ್ಟಿಯನ್ನು ಚಕ್ಕಳವೆಂದು ತಟ್ಟೆ ತಳ್ಳಿ ಎದ್ದು ಹೋದರು. ಶ್ರೀಪತಿ ತನ್ನ ಪಾಡಿಗೆ ಚಟ್ನಿ ಬಳಿದು ತಿನ್ನುತ್ತಿದ್ದ. ನಾನು ಹಿತ್ತಿಲಿಗೆ ಕರೆದು ಕೇಳಿಯೇಬಿಟ್ಟೆ: ಸಾರಿಗೆ ಉಪ್ಪು ಸಾಲದೆಂದರೆ ನಗುತ್ತೀರಿ, ನನ್ನ ತವರನ್ನು ಆಡಿಕೊಂಡರೆ ಹೋಗಲಿ ಬಿಡು ಅನ್ನುತ್ತೀರಿ, ಈ ರೊಟ್ಟಿಯ ಮಾತಿಗೆ ಮಾತ್ರ ಎರಡು ತಿಂಗಳಿಂದ ಕಿವುಡರ ಹಾಗೆ ಕೂತಿದ್ದೀರಲ್ಲ, ಅದೇನು ನ್ಯಾಯ?

ಅವನು ಕೈ ತೊಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಯಾವ ರೊಟ್ಟಿಯ ಮಾತು?"

ನಾನು ಹೇಳಿದೆ. ಅವನ ಹುಬ್ಬು ಗಂಟಿಕ್ಕಿತು. "ಅಲ್ಲ ಕಣೇ ಇಂದೂ, ಅಮ್ಮ ಯಾವತ್ತೂ ನಿನ್ನ ರೊಟ್ಟಿಯನ್ನ ಏನೂ ಅಂದಿಲ್ಲ. ರೊಟ್ಟಿ ತಿನ್ನುವಾಗ ಅವಳು ಮಾತೇ ಆಡೋದಿಲ್ಲ. ಅಗೀತಾ ಇರ್ತಾಳೆ ಅಷ್ಟೆ."

ಅಗಿಯುವ ತುಟಿಯೂ ಆಡುವ ತುಟಿಯೂ ನೋಡುವವರಿಗೆ ಒಂದೇ ತರಹ. ಅವನಿಗೆ ಕೇಳಿಸದೆ ನನಗೆ ಮಾತ್ರ ಕೇಳಿಸಿದೆಯೆಂದರೆ ಅದು ಕೊಂಕಲ್ಲ. ಅತ್ತೆ ಅದನ್ನು ಕೊಂಕೆಂದೇ ಆಡಿರಬಹುದು, ನಾನೂ ಕೊಂಕೆಂದೇ ಕೇಳಿರಬಹುದು. ಊರಿನ ಗಾಳಿಗೆ ಮಾತ್ರ ಅದು ನೋವೆಂದು ಗೊತ್ತಿತ್ತು. ಹಾಗಾದರೆ ಈ ಎರಡು ತಿಂಗಳಲ್ಲಿ ನಾನು ಹೊಸಲಿನಾಚೆ ಬಿಟ್ಟ ಮಾತುಗಳಲ್ಲಿ ಇನ್ನೆಷ್ಟು ಹೀಗಿದ್ದವೋ?

ತಿಳಿಯಲು ಒಂದೇ ದಾರಿಯಿತ್ತು. ಮಧ್ಯಾಹ್ನದ ಊಟಕ್ಕೆ ಶ್ರೀಪತಿಯನ್ನು ಅತ್ತೆಯ ಬಲಗಡೆ ಕೂರಿಸಿದೆ. ಅವನ ತೊಡೆಯ ಪಕ್ಕ ಒಂದು ಹಿಡಿ ಹುಣಿಸೆಬೀಜ. ಅಮ್ಮನ ಮಾತು ಒಂದೊಂದು ಕೇಳಿಸಿದಾಗಲೂ ಒಂದು ಬೀಜ ನೆಲಕ್ಕಿಡಬೇಕು, ಬಾಯಿ ಬಿಡಬಾರದು. ನಾನು ಬೇಕೆಂದೇ ಸಾರಿಗೆ ನೀರು ಸುರಿದೆ. ಅತ್ತೆ ಒಂದು ಗುಟುಕು ಕುಡಿದು, ಇದಕ್ಕೆ ಬೇಳೆಯ ಗುರುತಾದರೂ ಇದೆಯೇ ಎಂದರು. ಬೀಜ ಬಿತ್ತು. ರೊಟ್ಟಿ ಇಟ್ಟೆ. ಚಕ್ಕಳ, ದವಡೆ ಸೋಲುತ್ತದೆ ಎಂದರು. ಅವನ ಕೈ ಅಲುಗಲಿಲ್ಲ. ಊಟವಾದ ಮೇಲೆ ತಲೆ ಬಾಚಲೇ ಎಂದು ಕೇಳಿದೆ. ನಿನ್ನದು ಕೈಯಲ್ಲ, ಕುಂಟೆ. ಬಾಚಣಿಗೆ ತಾಕಿದರೆ ಕೂದಲ ಬೇರೆಲ್ಲ ಕೀವು ಕಟ್ಟಿದ ಹಾಗೆ ನೋಯುತ್ತದೆ ಎಂದರು. ಕೈ ಅಲುಗಲಿಲ್ಲ. ಹೊಸ ರವಿಕೆ ಹೇಗಿದೆಯೆಂದೆ. ಬೇಕೆಂದೇ ಬಿಗಿ ಹೊಲಿಸಿದ್ದೀಯ, ಬೆಳಿಗ್ಗೆ ಎದ್ದರೆ ತೋಳು ಎತ್ತಲಾಗುವುದಿಲ್ಲ, ಹೆಗಲು ಹಲಗೆಯ ಹಾಗಿರುತ್ತದೆ ಎಂದರು. ಕೈ ಅಲುಗಲಿಲ್ಲ. ಕೊನೆಗೆ ನಿಮ್ಮ ಮನೆ ಕಡೆಯವರಿಗೆಲ್ಲ ಕೈ ಬಿಗಿ, ಬಟ್ಟೆಯಲ್ಲೂ ಕಂಜೂಸಿತನ ಎಂದು ಸೇರಿಸಿದರು. ಬೀಜ ಬಿತ್ತು.

ಐದು ಮಾತಿಗೆ ಎರಡು ಬೀಜ. ನಾನು ಆ ಬೀಜಗಳನ್ನೇ ನೋಡುತ್ತಿದ್ದಾಗ ಅತ್ತೆ ತಲೆಯೆತ್ತಿ ಕೇಳಿದರು: "ಕಿಟಕಿ ಯಾಕೆ ಮುಚ್ಚಿದೆ? ಅನ್ನ ಕಾಣೋದು ಬೇಡವಾ?"

ಶ್ರೀಪತಿ ಮೂರನೆಯ ಬೀಜ ಇಟ್ಟ. ಇಟ್ಟವನು ಕಿಟಕಿಯ ಕಡೆ ತಿರುಗಿ, ಹಾಗೇ ಉಳಿದ. ಕಿಟಕಿ ಹಾರುಹೊಡೆದಿತ್ತು. ನಡು ಮಧ್ಯಾಹ್ನದ ಬಿಸಿಲು ಅತ್ತೆಯ ತಟ್ಟೆಯ ಮೇಲೆಯೇ ಬಿದ್ದು ಹೊಳೆಯುತ್ತಿತ್ತು.

ಎಡಗಣ್ಣಿಗೆ ಪರದೆ ಬಿಟ್ಟಂತಾಯಿತು ಎಂದರು ಅತ್ತೆ. ಎರಡು ನಿಮಿಷದಲ್ಲಿ ಪರದೆ ಸರಿಯಿತೆಂದೂ ಹೇಳಿದರು. ನಾವು ಕಾಯಲಿಲ್ಲ. ಸಿಕ್ಕ ಜಟಕಾದಲ್ಲಿ ಅವರನ್ನು ಎತ್ತಿ ಕೂರಿಸಿಕೊಂಡು ಬಾಗಿಲುಬೀದಿಗೆ ಓಡಿದೆವು. ಚೀಟಿಕಟ್ಟೆ ಮುಚ್ಚಲು ಕಾಲು ಗಂಟೆ ಉಳಿದಿತ್ತು.

ಕಟ್ಟೆಯ ಗುಮಾಸ್ತ ಪುಟ್ಟಬಸಪ್ಪನಿಗೆ ನಮ್ಮ ಪರಿಚಯವಿತ್ತು. ಯಾವ ಬಾಗಿಲು ಎಂದ. ನಾನು ತಲೆನೋವು ಎನ್ನಲಿಲ್ಲ. ಏದುಸಿರು ಬಿಡುತ್ತ ರೊಟ್ಟಿ, ಬಾಚಣಿಗೆ, ರವಿಕೆ ಮೂರನ್ನೂ ಹೇಳಿದೆ. ಅವನು ಮೊಹರು ಕೆಳಗಿಟ್ಟು, "ತಾಯಿ, ಅತ್ತೆ ಸೊಸೆ ವ್ಯಾಜ್ಯಕ್ಕೆ ಇಲ್ಲಿ ಬಾಗಿಲಿಲ್ಲ. ಅದಕ್ಕೆ ಬಾಗಿಲು ಮಾಡಿದರೆ ಉಳಿದ ಇಪ್ಪತ್ತೆರಡನ್ನೂ ಮುಚ್ಚಬೇಕಾಗುತ್ತೆ" ಎಂದು ನಕ್ಕ. ಹಿಂದೆ ನಿಂತವರೂ ನಕ್ಕರು. ಅಷ್ಟರಲ್ಲಿ ಅತ್ತೆಯ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಪರದೆ ಮತ್ತೆ ಬಿದ್ದಿತ್ತು. ಈ ಸಲ ಅದು ಸರಿಯಲಿಲ್ಲ.

ಶ್ರೀಪತಿ ಕಣ್ಣಿನ ಬಾಗಿಲು, ಕಣ್ಣಿನ ಬಾಗಿಲು ಎಂದು ಅವಸರಪಡಿಸಿದ. ಪುಟ್ಟಬಸಪ್ಪ ನಗು ನಿಲ್ಲಿಸಿ ಕಣ್ಣಿನ ಮೊಹರು ತೆಗೆದುಕೊಂಡು ಮಸಿಗೆ ಒತ್ತಿದ. ಅತ್ತೆಯ ಮುಂಗೈಯನ್ನು ನಾನೇ ಹಿಡಿದು ಚಾಚಿದ್ದೆ. ಮೊಹರು ಬಿದ್ದರೆ ನಾಳೆಯವರೆಗೆ ಬೇರೆ ಬಾಗಿಲಿಲ್ಲ. ಕಣ್ಣಿನ ಬಾಗಿಲಿನವರು ಒಮ್ಮೆ ನೋಡಿ ಪೊರೆಯೆಂದು ಕಳಿಸಿದ್ದಾರೆ. ಕಣ್ಣು ಕೆಟ್ಟದ್ದು ಇವತ್ತು. ದವಡೆ, ಕೂದಲು, ಹೆಗಲು ಕೆಟ್ಟು ಒಂಬತ್ತು ವಾರ. ನಾನು ಆ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಹೆಗಲು ಎತ್ತಲಾಗದವರು ಯಾವ ಬಾಗಿಲಿಗೆ ಹೋಗುತ್ತಾರೆ ಎಂದು ಕೇಳಿದೆ. ಕೀಲಿನ ಬಾಗಿಲಿಗೆ, ಆದರೆ ತಲೆನೋವಿನವರನ್ನು ಅಲ್ಲಿಗೆ ಕಳಿಸಿದ ನೆನಪು ನನ್ನ ಸರ್ವೀಸಿನಲ್ಲೇ ಇಲ್ಲ ಎಂದ ಪುಟ್ಟಬಸಪ್ಪ. ಕೀಲಿನ ಬಾಗಿಲು ಎಂದ ಕೂಡಲೇ ನನ್ನ ಗಂಡನ ಮುಖ ಬಿಳಿಚಿತು.

"ಇಂದೂ, ಆ ಹಲಗೇಲಿ ಮೂರು ಸಾಲು ಇರಬೇಕಿತ್ತು" ಎಂದ. ಕೀಲಿನ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಕೀಲುನೋವು, ವಾತ ಎಂದಾದ ಮೇಲೆ ತಲೆಯ ರಕ್ತನಾಳದ ಉರಿಯೂತ ಎಂಬ ಮೂರನೆಯ ಸಾಲಿತ್ತಂತೆ. ಮೊದಲೆರಡು ಸಾಲಿನ ಅಕ್ಷರ ದಪ್ಪವಾಗಿ ಹಲಗೆ ಸಾಲದೆ ಹೋಯಿತು. ಬಿಟ್ಟುಬಿಡಲೇ ಎಂದು ಕೇಳಿದ್ದಕ್ಕೆ, ಅಂಥವರು ಬರುವುದು ಅಪರೂಪ, ಇರಲಿ ಬಿಡಿ ಎಂದಿದ್ದರಂತೆ ಆಕೆ. ನಾಲ್ಕು ವರ್ಷದ ಹಿಂದಿನ ಮಾತು. ಹೇಳುತ್ತ ಹೇಳುತ್ತ ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ. ನಾನು ಅವನನ್ನು ಬೈಯಲಿಲ್ಲ. ಬಿಟ್ಟ ಸಾಲುಗಳ ಲೆಕ್ಕ ತೆಗೆದರೆ ನನ್ನದೇ ಉದ್ದವಾಗುತ್ತಿತ್ತು. ಕೀಲಿನ ಮೊಹರು ಎಂದು ಪುಟ್ಟಬಸಪ್ಪನಿಗೆ ಹೇಳಿದೆ. ಅವನು ಒತ್ತಿದ.

ಬೀದಿಯುದ್ದಕ್ಕೂ ಅತ್ತೆಯನ್ನು ನಡೆಸಿಕೊಂಡು ಹೋಗುವಾಗ ಕಣ್ಣಿನ ಬಾಗಿಲು ಸಿಕ್ಕಿತು, ನರದ ಬಾಗಿಲು ಸಿಕ್ಕಿತು. ಎರಡನ್ನೂ ದಾಟಿದೆ. ದಾಟುವಾಗ ಪ್ರತಿ ಹೆಜ್ಜೆಗೂ ತಪ್ಪು ಮಾಡಿದೆನೇ, ಒಂದು ಜೀವದ ಕಣ್ಣನ್ನು ನನ್ನ ಹಟಕ್ಕೆ ಕೊಟ್ಟೆನೇ ಎಂದು ಕೇಳಿಕೊಂಡೆ. ಇದು ತಪ್ಪು ಬಾಗಿಲಾದರೆ ನಾಳೆಯವರೆಗೆ ಕಾಯಬೇಕು. ಪರದೆ ಇನ್ನೊಂದು ಕಣ್ಣಿಗೂ ಬೀಳಲು ನಾಳೆಯವರೆಗೆ ಕಾಯುತ್ತದೆಯೇ?

ಕೀಲಿನ ಡಾಕ್ಟರು ಕುಮುದಿನಿ, ಐವತ್ತು ದಾಟಿದ ಗಂಭೀರ ಹೆಂಗಸು. ಊಟದ ಡಬ್ಬಿ ಮುಚ್ಚಿ ಕೈ ಒರೆಸಿಕೊಂಡು, ಏನು ನೋವು ಎಂದು ನನ್ನನ್ನು ಕೇಳಿದರು. ಹನ್ನೊಂದು ವರ್ಷದಿಂದ ನಾನು ಅತ್ತೆಯ ಮಾತನ್ನು ಸೋಸಿ, ತೊಳೆದು, ನಾಲ್ಕು ಜನರ ಮುಂದೆ ಇಡಬಹುದಾದದ್ದನ್ನು ಮಾತ್ರ ಇಟ್ಟವಳು. ಅವತ್ತು ಸೋಸಲಿಲ್ಲ. ಕಣ್ಣು ಮುಚ್ಚಿಕೊಂಡು, ಅವರ ಧ್ವನಿಯಲ್ಲೇ, ಅವರ ಎಳೆತದಲ್ಲೇ ಹೇಳಿದೆ: "ನಿನ್ನ ರೊಟ್ಟಿ ಅಂದ್ರೆ ಚಕ್ಕಳ. ನಾಲ್ಕು ತುತ್ತು ಅಗಿಯೋದ್ರೊಳಗೆ ದವಡೆ ಸೋತು ಬೀಳುತ್ತೆ. ನಿನ್ನದು ಕೈಯಲ್ಲ, ಕುಂಟೆ. ಬಾಚಣಿಗೆ ತಾಕಿದರೆ ಕೂದಲ ಬೇರೆಲ್ಲ ನೋಯುತ್ತೆ. ಬೇಕೂಂತಲೇ ರವಿಕೆ ಬಿಗಿ ಹೊಲಿಸಿದ್ದೀಯ, ಬೆಳಿಗ್ಗೆ ಎದ್ದರೆ ತೋಳು ಎತ್ತೋಕಾಗಲ್ಲ, ಹೆಗಲು ಹಲಗೆ."

ಲೇಖನಿ ನಿಂತಿತು. ಡಾಕ್ಟರು ಎದ್ದು ಬಂದು ನಮ್ಮೂರಿನ ವೈದ್ಯರು ಮಾಡದ ಕೆಲಸ ಮಾಡಿದರು: ರೋಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಎಡ ಕಣತಲೆಯ ಮೇಲೆ ಎರಡು ಬೆರಳಿಟ್ಟು ಸವರಿದರು. ಅಲ್ಲಿ ಚರ್ಮದಡಿ ಹುರಿಹಗ್ಗದಂಥದೊಂದು ಗಂಟುಗಂಟಾಗಿ ಎದ್ದಿತ್ತು. ನಾನು ವಾರಕ್ಕೆರಡು ಸಲ ಎಣ್ಣೆ ಹಚ್ಚಿದ ತಲೆ ಅದು, ಕಂಡಿರಲಿಲ್ಲ. ಮಿಡಿತವೇ ಇಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡು, ಕಣ್ಣು ಯಾವಾಗ ಮಂಜಾಯಿತೆಂದು ಕೇಳಿದರು. ಉತ್ತರ ಪೂರ್ತಿ ಕೇಳುವ ಮೊದಲೇ ನರ್ಸನ್ನು ಕೂಗಿ ಸೂಜಿಮದ್ದು ತರಿಸಿದರು. ರಕ್ತವನ್ನು ಪರೀಕ್ಷೆಗೆ ಕಳಿಸಿದರು, ಆದರೆ ಅದರ ಫಲ ಬರುವವರೆಗೂ ಕಾಯಲಿಲ್ಲ.

ಮದ್ದು ನಾಳಕ್ಕೆ ಇಳಿಯುತ್ತಿರುವಾಗ ನಿಧಾನವಾಗಿ ವಿವರಿಸಿದರು. ವಯಸ್ಸಾದವರಿಗೆ ಬರುವ ಕಾಯಿಲೆ. ತಲೆಯ ರಕ್ತನಾಳಗಳು ಊದಿ ಒಳಗೆ ಕಿರಿದಾಗುತ್ತವೆ. ದವಡೆಗೆ ರಕ್ತ ಸಾಲದಿದ್ದರೆ ಅಗಿಯುವಾಗ ಸೋಲುತ್ತದೆ, ಕಣ್ಣಿಗೆ ಸಾಲದಿದ್ದರೆ ಕಣ್ಣು ಹೋಗುತ್ತದೆ. ರೊಟ್ಟಿಯದೇನೂ ತಪ್ಪಿಲ್ಲ ಎಂದರು.

"ಹಾಗಂತ ರೊಟ್ಟಿ ಮೆತ್ತಗಿತ್ತು ಅಂತಲ್ಲ" ಎಂದರು ಅತ್ತೆ. ಅದು ಎಲ್ಲರಿಗೂ ಕೇಳಿಸಿತು.

ಯಾರೂ ನಗಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದರು. ಎಡಗಣ್ಣಿನ ಆಸೆ ಇಟ್ಟುಕೊಳ್ಳಬೇಡಿ, ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಉಳಿಸಬೇಕಾದದ್ದು ಬಲಗಣ್ಣನ್ನು. ಮೂರು ದಿನ ಸೂಜಿಮದ್ದು ಕೊಟ್ಟು ನೋಡೋಣ, ಆ ಮೂರು ದಿನ ದಾಟಿದರೆ ಧೈರ್ಯ ಹೇಳಬಹುದು ಎಂದರು. ಆಮೇಲೆ ನರದ ಬಾಗಿಲಿನ ಕಾಗದ ಬಿಡಿಸಿ, ಇಲ್ಲಿ 'ಊಟ ಸರಿ' ಅಂತ ಇದೆಯಲ್ಲ, ಯಾರು ಹೇಳಿದ್ದು ಎಂದು ಕೇಳಿದರು. ನಾನು ಹೇಳಿದ್ದು ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮೂರು ದಿನ ನಾನು ಅಲ್ಲಿ ಅತ್ತೆಯನ್ನು ಮಲಗಿಸಿದ ಕೋಣೆ ಬಿಟ್ಟು ಕದಲಲಿಲ್ಲ. ಮೊದಲ ದಿನವೇ ತಲೆಯ ಸಿಡಿತ ಇಳಿಯಿತು. ಎರಡನೆಯ ದಿನ ಅತ್ತೆ ತೋಳೆತ್ತಿ ಜಡೆ ಮುಟ್ಟಿಕೊಂಡರು. ಆದರೆ ಮಾತು ನಿಂತಿತು. ಹಾಲು ಬೇಕೇ ಎಂದರೆ ತಲೆಯಾಡಿಸುವರು. ಕಣ್ಣು ಮುಚ್ಚಿಯೇ ಇರುವರು. ಬೆಳಕು ಕಾಣುತ್ತದೆಯೇ ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ, ಹೇಳಲು ಅವರಿಗೆ ಮನಸ್ಸಿರಲಿಲ್ಲ. ಹನ್ನೊಂದು ವರ್ಷ ಯಾವ ಬಾಯಿ ಮುಚ್ಚಲೆಂದು ಹರಕೆ ಹೊತ್ತಿದ್ದೆನೋ ಅದು ಮುಚ್ಚಿತ್ತು. ನನಗೆ ಅನ್ನ ಇಳಿಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಡಾಕ್ಟರು ಬಂದು ಕಿಟಕಿಗಳನ್ನೆಲ್ಲ ತೆರೆಸಿದರು. ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಮೊದಲು ಬಲಗಣ್ಣು ಮುಚ್ಚಿದರು. ಎಡಗಣ್ಣಿನ ಮುಂದೆ ಬೆರಳು ಆಡಿಸಿದರು. ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಶ್ರೀಪತಿ ಗೋಡೆಯ ಕಡೆ ತಿರುಗಿಕೊಂಡ. ಆಮೇಲೆ ಡಾಕ್ಟರು ಎಡಗಣ್ಣು ಮುಚ್ಚಿ, ಬಲಗಣ್ಣಿನ ಮೇಲಿದ್ದ ಕೈ ತೆಗೆದು, ಏನಾದರೂ ಕಾಣುತ್ತಿದೆಯೇ, ಹೇಳಿ ಎಂದರು.

ಅತ್ತೆ ಹೇಳಲಿಲ್ಲ. ಆ ಒಂದು ಕಣ್ಣು ತೆರೆದಿತ್ತು, ರೆಪ್ಪೆ ಮಿಟುಕಿಸಿತು, ಸೂರಿನಿಂದ ಕೆಳಗಿಳಿಯಿತು, ಕಿಟಕಿಯ ಮೇಲೆ ಒಂದು ಕ್ಷಣ ನಿಂತಿತು, ನನ್ನ ಮುಖವನ್ನು ದಾಟಿ ಇನ್ನೂ ಕೆಳಗೆ ಹೋಯಿತು. ಅದು ನೋಡುತ್ತಿದೆಯೋ ಸುಮ್ಮನೆ ಹೊರಳುತ್ತಿದೆಯೋ ನನಗೆ ತಿಳಿಯಲಿಲ್ಲ. ತುಟಿ ಅದುರಿತು.

"ಮೂರು ದಿನದಿಂದ ಒಂದು ಕಾಲಿಗೆ ನಿನ್ನ ಚಪ್ಪಲಿ, ಇನ್ನೊಂದು ಕಾಲಿಗೆ ನನ್ನ ಚಪ್ಪಲಿ ಹಾಕ್ಕೊಂಡು ಆಸ್ಪತ್ರೆಯೆಲ್ಲ ಮೆರೀತಿದ್ದೀಯಲ್ಲೇ, ನನ್ನದು ಇನ್ನೊಂದು ಎಲ್ಲಿ ಹಾಕಿದೆ?"

ನಾನು ನನ್ನ ಪಾದಗಳನ್ನು ನೋಡಿಕೊಂಡೆ. ಒಂದಕ್ಕೆ ಕಂದು ಪಟ್ಟಿ, ಇನ್ನೊಂದಕ್ಕೆ ಕಪ್ಪು. ಬಾಗಿಲ ಬಳಿ ನಿಂತಿದ್ದ ನರ್ಸ್ ಬಗ್ಗಿ ನನ್ನ ಕಾಲು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೂ ಕೇಳಿಸಿತ್ತು. ಗೋಡೆಗೆ ಮುಖ ಮಾಡಿದ್ದ ಶ್ರೀಪತಿಗೂ ಕೇಳಿಸಿತ್ತು; ಅವನ ಹೆಗಲು ಅಲುಗುತ್ತಿತ್ತು, ಅಳುವೋ ನಗುವೋ ಹೇಳಲಾರೆ. ಡಾಕ್ಟರು ಕುಮುದಿನಿ ಹಣೆಯ ಬೆವರು ಒರೆಸಿಕೊಂಡು ಕಾಗದ ತೆಗೆದುಕೊಂಡರು. ಅವರಿಗೂ ಚೆನ್ನಾಗಿಯೇ ಕೇಳಿಸಿರಬೇಕು. ಆದರೂ ಪದ್ಧತಿಯ ಪ್ರಕಾರ ನನ್ನ ಕಡೆ ತಿರುಗಿ, ಏನೆಂದು ಬರೆದುಕೊಳ್ಳಲಿ ಎಂದು ಕೇಳಿದರು.

ನಾನು ಒಂದಕ್ಷರವನ್ನೂ ಬಿಡದೆ ಬರೆಸಿದೆ.